ಸರ್ಜನ್ ಕೈ ನಡುಗಿದರೆ ಭತ್ಯೆ ಉಂಟೇ?

ಪ್ರಶ್ನೆ: ನಮ್ಮ ಭಾವ ಅಮೆರಿಕದಲ್ಲಿ ಸರ್ಜನ್. ಕೈನಡುಕ ಶುರುವಾಗಿ ಆಪರೇಷನ್ ಮಾಡುವುದನ್ನು ಬಿಟ್ಟಿದ್ದಾರೆ. ಅಲ್ಲಿನ ಸರ್ಕಾರ ಅಂಗವೈಕಲ್ಯ ಭತ್ಯೆ ಕೊಡುತ್ತದೆಯೇ?

ಉತ್ತರ: ಆಪರೇಷನ್ ಬಿಟ್ಟರೆಂಬ ಒಂದೇ ಕಾರಣಕ್ಕೆ ಕೊಡುವುದಿಲ್ಲ. ಈ ಭತ್ಯೆ ಕೊಡುವ ಅಲ್ಲಿನ ಸರ್ಕಾರಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯವರು ‘ನಿಮ್ಮ ಕೆಲಸ ಮಾಡಬಲ್ಲಿರಾ’ ಎಂದು ಕೇಳಿ ಸುಮ್ಮನಾಗುವುದಿಲ್ಲ, ‘ಬೇರೆ ಯಾವುದಾದರೂ ಕೆಲಸ ಮಾಡಬಲ್ಲಿರಾ’ ಎಂದೂ ಕೇಳುತ್ತಾರೆ. ಚಾಕು ಹಿಡಿಯಲಾಗದವರು ಪಾಠ ಹೇಳಬಹುದು, ವಿಮೆಯ ಕಡತ ನೋಡಬಹುದು. ಆ ಕೆಲಸ ಅವರ ಊರಲ್ಲೇ ಇರಬೇಕೆಂದಿಲ್ಲ, ದೇಶದಲ್ಲಿ ಸಾಕಷ್ಟಿದ್ದರೆ ಆಯಿತು. ಇವರನ್ನು ಯಾರಾದರೂ ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ! ನನಗಂತೂ ಇದು ಕಲ್ಲುಮನಸ್ಸಿನ ನಿಯಮ ಎನಿಸುತ್ತದೆ.

ಕಾಯಿಲೆ ಕನಿಷ್ಠ 12 ತಿಂಗಳು ಇರುವಂಥದ್ದಾಗಿರಬೇಕು. ಸಾಮಾನ್ಯವಾಗಿ, ಕಳೆದ 10 ವರ್ಷಗಳಲ್ಲಿ 5 ವರ್ಷವಾದರೂ ದುಡಿದು ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿರಬೇಕು. ವಯಸ್ಸು 50 ದಾಟಿದವರಿಗೆ ‘ಬೇರೆ ಕೆಲಸ’ದ ನಿಯಮ ತುಸು ಸಡಿಲ. ಆದರೆ ಬೇರೆಡೆ ಬಳಕೆಗೆ ಬರುವ ಓದು, ಕೌಶಲ ಇದ್ದರೆ ಆ ಸಡಿಲಿಕೆಯೂ ಕೈಗೆಟುಕದು. ಹೆಚ್ಚು ಓದಿದ್ದೇ ಅಡ್ಡಬರುತ್ತದೆ.

ಇದಕ್ಕೆ ಹೋಲಿಸಿದರೆ, ನಮ್ಮ ಸುಪ್ರೀಂ ಕೋರ್ಟ್ 1970ರ ದಶಕದಲ್ಲಿ ಸ್ವಂತ ಕಸುಬನ್ನೇ ನೋಡಿ, ಎಡಗೈ ಕಳೆದುಕೊಂಡ ಬಡಗಿಯೊಬ್ಬನ ದುಡಿಮೆ ನೂರಕ್ಕೆ ನೂರು ಹೋಯಿತೆಂದು ಒಪ್ಪಿತ್ತು. ಅದು ಮಾಲೀಕ ಕೊಡಬೇಕಾದ ಪರಿಹಾರ, ಸರ್ಕಾರದ ಭತ್ಯೆಯಲ್ಲ.

ಅಮೆರಿಕದ ಅನೇಕ ವೈದ್ಯರು ಭಾವನವರಂಥ ಸ್ಥಿತಿ ಬಂದರೆ ಇರಲೆಂದೇ ಖಾಸಗಿ ವಿಮೆ ಮಾಡಿಸಿರುತ್ತಾರೆ. ಅದರಲ್ಲಿ ‘ಸ್ವಂತ ವೃತ್ತಿ’ಯ ಷರತ್ತಿದ್ದರೆ, ಕಾಯಿಲೆಯಿಂದ ಸರ್ಜರಿ ನಿಂತರೇ ಸಾಕು, ಹಣ ಬರುತ್ತದೆ. ಭಾವನವರಿಗೆ ಹಳೆಯ ಪಾಲಿಸಿಗಳನ್ನು ಮೊದಲು ಹುಡುಕಲು ಹೇಳಿ.