ಒಂದು ಸೊನ್ನೆಯ ಬೆಲೆ

ತಿಪಟೂರು ಸೀಮೆಯಲ್ಲಿ ತೆಂಗಿನ ಬೇಸಾಯದ ಕೈಪಿಡಿಗಳಿಗೆ ಬರವಿಲ್ಲ. ಕೃಷಿ ಮೇಳದಲ್ಲಿ ತಂದವು ಕೊಬ್ಬರಿ ಅಟ್ಟದ ಮೂಲೆಯಲ್ಲಿ ಧೂಳು ಹಿಡಿದಿರುತ್ತವೆ. ಅವನ್ನು ಅಂತರ್ಜಾಲಕ್ಕೆ ತರುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ: ‘ಸ್ಕ್ಯಾನ್ ಮಾಡಿ ಹಾಕಿದರಾಯ್ತು.’

ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಟ ಒಂದು ಫೋಟೊ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಅಕ್ಷರವೇ ಇಲ್ಲ. ಬಿಸಿಲಲ್ಲಿ ಮರದ ಬುಡದಲ್ಲಿ ನಿಂತವರು ಅಂಗೈಯಗಲದ ಪರದೆಯಲ್ಲಿ ಎರಡು ಕಾಲಂ ಪುಟವನ್ನು ಹಿಗ್ಗಿಸಿ, ಎಳೆದಾಡಿ ಸುಸ್ತಾಗುತ್ತಾರೆ.

‘ಅಚ್ಚಿಗೆ ಕೊಟ್ಟ ನುಡಿ ಫೈಲ್ ಇದೆಯಲ್ಲ, ಅದನ್ನೇ ಅಂಟಿಸಿ’ ಎನ್ನುವುದು ಇನ್ನೊಂದು ನಂಬಿಕೆ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಫಾಂಟು ಕಳಚಿತೋ, ಉಳಿಯುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ಪಠ್ಯವನ್ನು ಅಲ್ಲಿಗೆ ಸಾಗಿಸಲೇಬೇಕು. ಪರಿವರ್ತಕ ತಂತ್ರಾಂಶಗಳು ಆ ಕೆಲಸ ಮಾಡುತ್ತವೆ, ಆದರೆ ನಡುವೆ ಇಂಗ್ಲಿಷಿನಲ್ಲಿದ್ದ ಔಷಧದ ಹೆಸರನ್ನೂ ಕನ್ನಡವೆಂದು ತಿಳಿದು ಕೆಡಿಸಿಬಿಡುತ್ತವೆ. ಆದ್ದರಿಂದ ‘ಪರಿವರ್ತಿಸಿದ ಮೇಲೆ ಕರಡು ತಿದ್ದಬೇಕಿಲ್ಲ’ ಎನ್ನುವುದೂ ಭ್ರಮೆಯೇ.

ನನಗೆ ಹೆಚ್ಚು ಭಯವಿರುವುದು ಅಂಕಿಗಳ ಬಗ್ಗೆ. ಸುಳಿ ಕೊಳೆ ರೋಗವನ್ನೇ ನೋಡಿ. ಕೊಳೆತ ಭಾಗ ಕೆತ್ತಿ ತೆಗೆದು ಅಲ್ಲಿಗೆ ಶೇ. 10ರ ಬೋರ್ಡೋ ಮುಲಾಮು ಹಚ್ಚಬೇಕು. ಸುತ್ತಲಿನ ಮರಗಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡಕ್ಕೂ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮುಲಾಮಿಗೆ ನೀರು 10 ಲೀಟರ್, ದ್ರಾವಣಕ್ಕೆ 100. ವ್ಯತ್ಯಾಸ ಒಂದೇ ಸೊನ್ನೆ! ಅದು ಬಿದ್ದುಹೋದರೆ ಹತ್ತು ಪಟ್ಟು ಗಾಢವಾದ ಮಿಶ್ರಣ ಗರಿಗಳ ಮೇಲೆ ಬೀಳುತ್ತದೆ. ಕನ್ನಡ ಅಂಕಿಯಲ್ಲಿ ಮುದ್ರಿಸಿದ ಹಳೆ ಪುಸ್ತಕವಾದರೆ ಪಜೀತಿ ಇನ್ನೂ ಹೆಚ್ಚು: ಕನ್ನಡದ ಸೊನ್ನೆ, ಅನುಸ್ವಾರ ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಚಿತ್ರದಿಂದ ಅಕ್ಷರ ಎತ್ತುವ ಯಂತ್ರ ಅಲ್ಲೇ ಎಡವುತ್ತದೆ.

‘ಪೀಡೆಗಳಿಗೆ ಇಂಗ್ಲಿಷ್ ಹೆಸರಿದ್ದರೆ ಸಾಕು’ ಎನ್ನುವವರೂ ಇದ್ದಾರೆ. ತುರುವೇಕೆರೆಯ ರೈತ ಹುಡುಕುವುದು ‘ನುಸಿ’ ಎಂದೇ ಹೊರತು ‘ಎರಿಯೋಫಿಡ್ ಮೈಟ್’ ಎಂದಲ್ಲ. ಎರಡೂ ಇರಲಿ, ನುಸಿ ಮೊದಲಿರಲಿ.

ಒಮ್ಮೆ ಹಾಕಿದರೆ ಮುಗಿಯಿತು ಎಂಬುದಂತೂ ಅಪಾಯದ ಮಾತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ಔಷಧಪಟ್ಟಿಯನ್ನು ಇಂದು ಹಾಗೆಯೇ ನಂಬುವಂತಿಲ್ಲ. ಅಚ್ಚಾದ ಪುಸ್ತಕದ ವಯಸ್ಸನ್ನು ಹಳದಿಗಟ್ಟಿದ ಹಾಳೆ ಹೇಳುತ್ತದೆ. ಪರದೆಗೆ ಆ ಗುಣವಿಲ್ಲ, ಪರಿಷ್ಕರಿಸಿದ ತಾರೀಖನ್ನು ನಾವೇ ನಮೂದಿಸಬೇಕು.

ಕೈಪಿಡಿ ಸಿದ್ಧಪಡಿಸುವವರಲ್ಲಿ ಒಂದು ಕೋರಿಕೆ. ಪ್ರಕಟಿಸುವ ಮೊದಲು ಚಿಕ್ಕನಾಯಕನಹಳ್ಳಿಯ ಯಾವುದಾದರೂ ತೋಟಕ್ಕೆ ಹೋಗಿ, ಅಲ್ಲಿಯವರ ಕೈಗೆ ಅವರದೇ ಫೋನ್ ಕೊಟ್ಟು, ‘ಸಿಂಪಡಣೆಗೆ 1 ಕೆ.ಜಿ. ಮೈಲುತುತ್ತಕ್ಕೆ ನೀರು ಎಷ್ಟು, ಇದರಲ್ಲಿ ಹುಡುಕಿ’ ಎಂದು ಕೇಳಿ. ನೂರು ಲೀಟರ್ ಎಂದರೆ ಪ್ರಕಟಿಸಿ.