ತೂಗುವ ಮೊದಲು ತೊಳೆಯುವ ಕೆಲಸ

ನೀರಿನಲ್ಲಿ ಕರಗಿದ್ದು ಕಣ್ಣಿಗೆ ಕಾಣದೆಯೂ ಕಾಡುತ್ತದೆಂದು ಕೃಷ್ಣಗಿರಿ, ಹೊಸೂರು ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಬೋರ್‌ವೆಲ್ಲಿನ ಫ್ಲೋರೈಡ್ ಕಾಟ ತಪ್ಪಿಸಲೆಂದೇ ಇಲ್ಲಿಗೆ ಹೊಗೇನಕಲ್ ನೀರು ಬಂತು. ಡಿಎನ್‌ಎ ತೂಗುವ ಮಾಸ್ ಸ್ಪೆಕ್ಟ್ರೋಮೀಟರಿಗೂ ಇಂಥದೇ ತಕರಾರು, ಅಲ್ಲಿ ಕಾಡುವುದು ಸೋಡಿಯಂ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕಿಂತ, ಮಾದರಿಯನ್ನು ತೊಳೆದು ಅಣಿಮಾಡುವ ಅಗ್ಗದ ಕೆಲಸವೇ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಲೆಕ್ಕ ನೋಡಿ. ಇಪ್ಪತ್ತು ಅಕ್ಷರಗಳ ಡಿಎನ್‌ಎ ಎಳೆಯಲ್ಲಿ ಅಕ್ಷರಗಳನ್ನು ಬೆಸೆಯುವ ಫಾಸ್ಫೇಟುಗಳು 19. ಪ್ರತಿಯೊಂದೂ ಋಣ ವಿದ್ಯುದಂಶ ಹೊತ್ತು, ಸಿಕ್ಕ ಸೋಡಿಯಂ ಅನ್ನು ಸೆಳೆದುಕೊಳ್ಳುತ್ತದೆ. ಹೈಡ್ರೋಜನ್ ಜಾಗದಲ್ಲಿ ಒಂದು ಸೋಡಿಯಂ ಕೂತರೆ ತೂಕ 22 ಡಾಲ್ಟನ್ (ಅಣುತೂಕದ ಮಾನ) ಏರುತ್ತದೆ. ಸಿ ಅಕ್ಷರ ಇದ್ದಲ್ಲಿ ಎ ಅಕ್ಷರ ಬಂದರೆ ಏರುವುದು 24. ಸುಮಾರು 6,000 ಡಾಲ್ಟನ್ ತೂಗುವ ಎಳೆಗೆ ಯಂತ್ರದ ನಕ್ಷೆಯಲ್ಲಿ ಮೂಡುವ ಶಿಖರ ತುಸು ಅಗಲವಾದರೆ ಸಾಕು, ಕಂಡದ್ದು ಉಪ್ಪೋ ರೂಪಾಂತರವೋ ಹೇಳಲಾಗದು. ಮಣ್ಣು ಮೆತ್ತಿದ ಗೆಣಸನ್ನು ತಕ್ಕಡಿಗಿಟ್ಟ ಹಾಗೆ. ಪರಿಹಾರ ಅಮೋನಿಯಂ: ಸೋಡಿಯಂ ಅಸಿಟೇಟ್ ಬದಲು ಅಮೋನಿಯಂ ಅಸಿಟೇಟ್ ಹಾಕಿ ಆಲ್ಕೋಹಾಲಿನಲ್ಲಿ ಡಿಎನ್‌ಎಯನ್ನು ತಳಕ್ಕಿಳಿಸುವುದು, ಅಮೋನಿಯಂ ತುಂಬಿದ ರಾಳದ ಮಣಿಗಳ ಜೊತೆ ಕಲಕುವುದು. ತೂಗುವಾಗ ಯಂತ್ರದ ಲೇಸರ್ ಬಿದ್ದರೆ ಅಮೋನಿಯಂ ಅಮೋನಿಯಾ ಆಗಿ ಹಾರಿಹೋಗಿ, ಹೈಡ್ರೋಜನ್ ಮಾತ್ರ ಉಳಿಯುತ್ತದೆ. ಗಾಜಿನ ಶೀಸೆಯೂ ಸೋಡಿಯಂ ಬಿಡುತ್ತದೆ. ಆದ್ದರಿಂದ ಪ್ಲಾಸ್ಟಿಕ್ಕೇ ವಾಸಿ. ಬೆರಳ ಬೆವರೂ ಆಗದು.

ಇತಿಹಾಸದಲ್ಲೂ ಇದೇ ಕಥೆ. ಲೇಸರ್ ಬಳಸಿ ದೊಡ್ಡ ಅಣುಗಳನ್ನು ತೂಗಿದ್ದಕ್ಕೆ ಜಪಾನಿನ ಕೊಯಿಚಿ ತನಕಾ 2002ರಲ್ಲಿ ನೊಬೆಲ್ ಹಂಚಿಕೊಂಡರು, ಆದರೆ ಅದು ಪ್ರೋಟೀನುಗಳ ಕೆಲಸ. ಡಿಎನ್‌ಎ ಲೇಸರಿಗೆ ಸಿಕ್ಕಿ ಒಡೆಯುತ್ತಿತ್ತು. ದಾರಿಗೆ ಬಂದದ್ದು 1993ರಲ್ಲಿ, 3-ಹೈಡ್ರಾಕ್ಸಿಪಿಕೊಲಿನಿಕ್ ಆಮ್ಲದ ಜೊತೆ ಬೆರೆಸಿ ಒಣಗಿಸಿದಾಗ. ಅದೂ ಮಾದರಿ ತಯಾರಿಯೇ.

ಸೀಕ್ವೆನ್ಸಿಂಗ್ ಅಗ್ಗವಾಗಿರುವಾಗ ತೂಗುವ ಗೊಡವೆ ಏಕೆ ಎನ್ನಬಹುದು. ಉದ್ದದ ಎಳೆಗಳಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ಪಿಸಿಆರ್ ಪರೀಕ್ಷೆಗೆ ಬಳಸುವ ಗಿಡ್ಡ ಎಳೆಯಾದ ಪ್ರೈಮರಿನಲ್ಲಿ ಒಂದಕ್ಷರ ಬಿಟ್ಟುಹೋಗಿದೆಯೇ ಎಂದು ನೋಡಲು ತೂಕವೇ ನೇರ ದಾರಿ. ರೋಬಾಟ್ ತೊಳೆಯುತ್ತದಲ್ಲ ಎಂದರೆ, ಅದಕ್ಕೆ ತುಂಬಿದ ನೀರಿನಲ್ಲೇ ಸೋಡಿಯಂ ಇದ್ದರೆ ರೋಬಾಟ್ ತಾನೇ ಏನು ಮಾಡೀತು? ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ, ತೊಳೆಯುವವರ ಹುದ್ದೆ ಮಾತ್ರ ಗುತ್ತಿಗೆಯದು. ಅವಧಿ ಮುಗಿದು ಅವರು ಹೊರಟರೆ, ಮಣಿಗಳನ್ನು ಎಷ್ಟು ಹೊತ್ತು ಕಲಕಬೇಕೆಂಬ ಅಂದಾಜೂ ಜೊತೆಗೇ ಹೋಗುತ್ತದೆ. ಹೊಸಬರ ಮೊದಲ ತಿಂಗಳ ಶಿಖರಗಳೆಲ್ಲ ಸೋಡಿಯಂನವೇ.