ಒತ್ತಿದ ಕ್ಲಚ್ ಮೇಲೆ ಬರದಿದ್ದರೆ?

ಮಕ್ಕಳೇ, ಸೆಟ್ಟೂರಿನಿಂದ ಕಲ್ಯಾಣದುರ್ಗಕ್ಕೆ ಹೊರಟ ಹಳೇ ವ್ಯಾನಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಗೇರ್ ಬದಲಿಸಲು ಡ್ರೈವರ್ ಅಣ್ಣ ಕ್ಲಚ್ ಒತ್ತುತ್ತಾರೆ. ಕಾಲು ತೆಗೆದರೂ ಪೆಡಲ್ ಕೆಳಗೇ ನಿಂತುಬಿಡುತ್ತದೆ! “ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು” ಅಂತ ಯಾರೋ ಹೇಳುತ್ತಾರೆ. ಅದು ದೊಡ್ಡ ಖರ್ಚಿನ ಮಾತು. ಆದರೆ ದೋಷ ಅಲ್ಲೇ ಇದೆ ಅಂತ ಹೇಗೆ ಗೊತ್ತು? ನೀವು ಓದುವ ಪ್ಯಾಸ್ಕಲ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಾಲಿನ ಬಲ ಹೋಗುವ ದಾರಿ

ಕೆಲವು ಗಾಡಿಗಳಲ್ಲಿ ಕ್ಲಚ್ಚಿಗೆ ಕೇಬಲ್ ಇರುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಕೇಬಲ್ ಬದಲು ದ್ರವ ಇರುತ್ತದೆ. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಒಳಗೆ ತುಂಬಿರುವುದು ಬ್ರೇಕ್ ಆಯಿಲ್.

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಮಾಸ್ಟರ್ ಪಿಸ್ಟನ್ 2 ಚ.ಸೆಂ.ಮೀ., ಅದರ ಮೇಲೆ 500 ನ್ಯೂಟನ್ ಬಲ. ಒತ್ತಡ ಪ್ರತಿ ಚ.ಸೆಂ.ಮೀ.ಗೆ 250 ನ್ಯೂಟನ್. ಸ್ಲೇವ್ ಪಿಸ್ಟನ್ 3 ಚ.ಸೆಂ.ಮೀ. ಇದ್ದರೆ ಅಲ್ಲಿ ಸಿಗುವ ಬಲ 750 ನ್ಯೂಟನ್. ಬಲ ಹೆಚ್ಚಿತು, ಆದರೆ ಪುಕ್ಕಟೆಯಾಗಿ ಅಲ್ಲ: ಮಾಸ್ಟರ್ 3 ಸೆಂ.ಮೀ. ಸರಿದರೆ ಸ್ಲೇವ್ ಸರಿಯುವುದು 2 ಸೆಂ.ಮೀ. ಮಾತ್ರ.

ಇನ್ನು ಪೆಡಲ್ ವಾಪಸ್ ಬರುವುದು ಹೇಗೆ? ಕ್ಲಚ್ಚಿನೊಳಗಿನ ಗಟ್ಟಿ ಸ್ಪ್ರಿಂಗ್ ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ದ್ರವ ಅದೇ ಪೈಪಿನಲ್ಲಿ ಹಿಂದಿರುಗಿ ಪೆಡಲನ್ನು ಎತ್ತುತ್ತದೆ. ಅಂದರೆ ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ.

ನೀವೇ ಮಾಡಿ ನೋಡಿ

ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಹೊಸ ಸಿರಿಂಜುಗಳನ್ನು ತನ್ನಿ: 5 ಮಿ.ಲೀ. ಒಂದು, 10 ಮಿ.ಲೀ. ಒಂದು. ಬಳಸಿ ಬಿಸಾಡಿದ್ದನ್ನು ಮುಟ್ಟಲೇಬೇಡಿ. ಎರಡನ್ನೂ ಸಣ್ಣ ಪೈಪಿನಿಂದ ಜೋಡಿಸಿ, ಗುಳ್ಳೆ ಉಳಿಯದಂತೆ ನೀರು ತುಂಬಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ವಾಪಸ್ ಒತ್ತಲಿ. ಗೆಳೆಯನ ಕೈಯೇ ಕ್ಲಚ್ ಸ್ಪ್ರಿಂಗ್. ಈಗ ಸ್ವಲ್ಪ ಗಾಳಿ ಬಿಟ್ಟು ಒತ್ತಿ: ಮೊದಲು ಗಾಳಿ ಕುಗ್ಗುತ್ತದೆ, ಆಮೇಲೆ ಪಿಸ್ಟನ್ ಸರಿಯುತ್ತದೆ. ಕೊನೆಗೆ ಚಿಕ್ಕದನ್ನು ಒತ್ತಿದ ಮೇಲೆ ಪೈಪನ್ನು ಬೆರಳಿನಿಂದ ಅದುಮಿ ಹಿಡಿಯಿರಿ: ಗೆಳೆಯ ಎಷ್ಟು ಒತ್ತಿದರೂ ವಾಪಸ್ ಬರೋದಿಲ್ಲ. ವ್ಯಾನಿನ ಕಾಯಿಲೆಗಳೂ ಹೆಚ್ಚುಕಡಿಮೆ ಇವೇ.

ಮೆಕ್ಯಾನಿಕ್ ಹುಡುಕುವ ಕ್ರಮ

ಮೊದಲು ಡಬ್ಬಿಯಲ್ಲಿ ಆಯಿಲ್ ಎಷ್ಟಿದೆ ಅಂತ ನೋಡುತ್ತಾರೆ. ಕಡಿಮೆಯಿದ್ದರೆ ಸೋರಿಕೆ ಹುಡುಕಬೇಕು. ಪೆಡಲ್ ಮೇಲ್ಭಾಗದಲ್ಲಿ ಒದ್ದೆಯಿದ್ದರೆ ಅನುಮಾನ ಮಾಸ್ಟರ್ ಮೇಲೆ, ಗೇರ್‌ಬಾಕ್ಸ್ ಪಕ್ಕದಲ್ಲಿ ಒದ್ದೆಯಿದ್ದರೆ ಸ್ಲೇವ್ ಮೇಲೆ.

ಪೆಡಲ್ ಮೆತ್ತಗಿದ್ದು, ನಾಲ್ಕೈದು ಸಲ ತುಳಿದಾಗ ಗಟ್ಟಿಯಾದರೆ ಏರ್ ಹಿಡಿದಿದೆ ಅಂತ ಅನುಮಾನ. ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಏರ್ ತೆಗೆಯಬೇಕು.

ಸೋರಿಕೆಯೂ ಇಲ್ಲ, ಏರೂ ಇಲ್ಲ, ಆದರೂ ಪೆಡಲ್ ಅಂಟಿಕೊಳ್ಳುತ್ತಿದೆಯಾ? ಅದು ಕೆಳಗೆ ನಿಂತಿರುವಾಗಲೇ ಸ್ಲೇವ್ ನಿಪ್ಪಲ್ ಸ್ವಲ್ಪ ಸಡಿಲಿಸಿದರೆ ಉತ್ತರ ಸಿಗುತ್ತದೆ. ಆಯಿಲ್ ಚಿಮ್ಮಿ ಸ್ಲೇವ್ ಪಿಸ್ಟನ್ ತಕ್ಷಣ ಹಿಂದೆ ಸರಿದರೆ ಕ್ಲಚ್ ಸ್ಪ್ರಿಂಗ್ ಕೆಲಸ ಮಾಡುತ್ತಿದೆ ಅಂತಾಯಿತು. ತಡೆ ಇರುವುದು ರಬ್ಬರ್ ಪೈಪಿನ ಒಳಗೆ ಅಥವಾ ಮಾಸ್ಟರಿನಲ್ಲಿ. ಸರಿಯದಿದ್ದರೆ ಸ್ಲೇವ್ ಅಥವಾ ಕ್ಲಚ್ಚೇ ಬಿಗಿದಿದೆ. ಇನ್ನು ಮಾಸ್ಟರಿನ ರಾಡ್ ಬಿಚ್ಚಿದ ಮೇಲೂ ಪೆಡಲ್ ಕೈಗೆ ಸಲೀಸಾಗಿ ಆಡದಿದ್ದರೆ, ಅದರ ಕೀಲು ಗ್ರೀಸಿಲ್ಲದೆ ಒಣಗಿದೆ, ಅಷ್ಟೇ!

ಯಾಕೆ ಹೀಗಾಗುತ್ತದೆ?

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಸಿಲಿಂಡರಿನ ಒಳಗೆ ತುಕ್ಕು ಹಿಡಿದು ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಎಂಜಿನ್ ಆಯಿಲ್ ಹಾಕಿದರಂತೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಒಂದು ಎಚ್ಚರಿಕೆ: ಬ್ರೇಕ್ ಆಯಿಲ್ ಕಣ್ಣಿಗೆ ಅಪಾಯ, ಬಣ್ಣವನ್ನೂ ಕೀಳುತ್ತದೆ. ವ್ಯಾನಿನ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿ ಒಂದೇ. ಅಲ್ಲಿ ಆಯಿಲ್ ಇಳಿದರೆ ಗಾಡಿ ಓಡಿಸಲೇಬಾರದು.

ಮುಂದಿನ ಸಲ ಗ್ಯಾರೇಜಿನಲ್ಲಿ ನಿಂತಾಗ ಗಮನಿಸಿ: ಒಳ್ಳೆಯ ಮೆಕ್ಯಾನಿಕ್ ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುತ್ತಾರೆ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವುದೂ ಅದನ್ನೇ.